ಹರಿಹರದ ವ್ಯಾನು, ಸುಮಾಳ ಎರಡು ಕೈ

ನಮ್ಮ ಕೇಂದ್ರದ ಕಾರ್ಯದರ್ಶಿಗಳ ಕೋಣೆಯಲ್ಲಿ ಅವತ್ತು ಒಂದು ಮಾತು ಬಂತು. ಆ ಮಾತನ್ನು ಆಡಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ಹತ್ತಾರು ತರಬೇತಿಗಳಲ್ಲಿ ನಾನೇ ಆಡಿದೆ ಎಂದು ಹೇಳಿಕೊಂಡು ಬಂದಿದ್ದೇನೆ. ನಮ್ಮ ಪ್ರಾಂಶುಪಾಲರಾಗಿದ್ದ ಶೈಲಜಾ ಮೇಡಂ ತಾವು ಆಡಿದ್ದು ಎನ್ನುತ್ತಾರೆ. ಒಂದೇ ಕತೆಯನ್ನು ಮತ್ತೆ ಮತ್ತೆ ಹೇಳಿದರೆ ಅದು ದುಂಡಗಾಗುತ್ತದೆ, ಹೇಳುವವನು ಅದರ ನಡುವೆ ಬಂದು ಕೂತುಬಿಡುತ್ತಾನೆ. ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವಾಗ ಬೇರೆಯವರ ಹೇಳಿಕೆಯನ್ನು ಅನುಮಾನಿಸುವುದನ್ನು ಕಲಿಸಿದ್ದರು. ನನ್ನ ಹೇಳಿಕೆಯನ್ನೇ ಅನುಮಾನಿಸುವುದು ನಿವೃತ್ತಿಯಾದ ಮೇಲೆ, ಕೈಯಲ್ಲಿ ಕೆಲಸವಿಲ್ಲದಿದ್ದಾಗ ಬಂದ ಚಟ. ಆದ್ದರಿಂದ ಇದನ್ನು ಓದುವವರು, ಅದರಲ್ಲೂ ಅಂಗವಿಕಲ ಮಕ್ಕಳ ಕೇಂದ್ರಗಳಿಗೆ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವವರು, ಅಲ್ಲಲ್ಲಿ ಉಪ್ಪು ಕಡಿಮೆ ಹೆಚ್ಚು ಮಾಡಿಕೊಂಡು ಓದಬೇಕು.

ನಾನು ಸಮಾಜ ಕಾರ್ಯಕರ್ತನಾಗಿ ಕೆಲಸ ಮಾಡಿದ್ದು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಹಗಲು ಕೇಂದ್ರದಲ್ಲಿ. ಮಾತು ಬಾರದ, ಬುದ್ಧಿಬೆಳವಣಿಗೆ ನಿಧಾನವಾದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಒಂದು ಟ್ರಸ್ಟು ಅದನ್ನು ನಡೆಸುತ್ತಿತ್ತು. ಹೆಸರು ಬರೆಯುವುದಿಲ್ಲ. ಅದು ಈಗಲೂ ನಡೆಯುತ್ತಿದೆ, ಮೊದಲಿಗಿಂತ ವಾಸಿ.

ಸೇರಿದ ಹೊಸದರಲ್ಲಿ ಆನಗೋಡಿನ ಕಡೆಯ ಒಬ್ಬ ಕಿವುಡ ಹುಡುಗನ ಬೆನ್ನ ಮೇಲೆ ಸುಟ್ಟ ಗುರುತು ಕಂಡಿತು. ಸಿಬ್ಬಂದಿ ಸಭೆ ಕೂತಿತು. ಅರ್ಧ ಜನ ಅಪ್ಪ ಸುಟ್ಟಿದ್ದಾನೆ ಎಂದರು. ಉಳಿದರ್ಧ ಜನ ಜ್ವರ ತಲೆಗೇರಿದಾಗ ಹಳ್ಳಿಯಲ್ಲಿ ಹಾಕಿಸಿದ ಬರೆ, ಅದು ಔಷಧ ಎಂದರು. ಟ್ರಸ್ಟಿನ ಕಾರ್ಯದರ್ಶಿಗಳು ಬಟ್ಟೆ ಅಂಗಡಿಯ ಯಜಮಾನರು. ಹೆಸರು ಮಹಾಂತಪ್ಪ, ಎಲ್ಲರ ಬಾಯಲ್ಲೂ ಸಾಹುಕಾರ್ರು. ಅವರು ತೀರ್ಪು ಕೊಟ್ಟರು.

"ನಮ್ ಅಜ್ಜಿ ನನಗೂ ಹಾಕಿಸಿದ್ಲು ಕಣ್ರಿ, ಹೊಟ್ಟಿ ಮ್ಯಾಲೆ. ತೋರಿಸ್ಲೇನು? ನಾನೇನು ಸತ್ನಾ?"

ಅವರು ಸತ್ತಿರಲಿಲ್ಲವಾದ್ದರಿಂದ ವಿಷಯ ಮುಗಿಯಿತು. ಅದು ಬರೆಯೋ ಬೇರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ವರ್ಷ ಆ ಹುಡುಗ ಬರುವುದನ್ನು ನಿಲ್ಲಿಸಿದ. ನನ್ನ ತಲೆ ಕೆಡುವುದು ಇಲ್ಲಿಯೇ. ಅದು ಏನು ಎಂದು ತೀರ್ಮಾನಿಸುವ ಕೆಲಸವನ್ನು ಆ ಸಭೆಗೆ ಯಾರೂ ಕೊಟ್ಟಿರಲಿಲ್ಲ. ಮಗುವಿನ ಮೈಮೇಲೆ ಗುರುತು ಕಂಡರೆ ತಿಳಿಸಬೇಕಾದ ಕಡೆ ತಿಳಿಸಬೇಕು, ಹುಡುಕುವವರು ಹುಡುಕುತ್ತಾರೆ. ಇಷ್ಟು ಸರಳ. ಆದರೆ ನಮ್ಮ ಕೇಂದ್ರದಲ್ಲಿ ಅಡುಗೆಯವರಿಂದ ಹಿಡಿದು ಟ್ರಸ್ಟಿಗಳವರೆಗೆ ಎಲ್ಲರೂ ನ್ಯಾಯಾಧೀಶರೇ. ಊರಿನ ಕಟ್ಟೆಯ ಮೇಲೆ ಪಂಚಾಯ್ತಿ ಮಾಡಿ ಬೆಳೆದ ಮನೆಗಳಿಂದ ಬಂದವರು ನಾವೆಲ್ಲ. ಯಾವುದನ್ನೂ ಕೂತು ಬಗೆಹರಿಸದೆ ಹೊರಗೆ ಬಿಡುವುದು ನಮಗೆ ಅವಮಾನ.

ಆಮೇಲೆ ಕಾಲ ಬದಲಾಯಿತು. ಕಾನೂನು ಬಂತು, ತರಬೇತಿ ಬಂತು, ಗೋಡೆಗೆ ಪೋಸ್ಟರು ಬಂತು. ಒಂದು ದೂರು ಪೆಟ್ಟಿಗೆಯೂ ಬಂತು. ಅದನ್ನು ನನ್ನ ತಲೆಗಿಂತ ಒಂದು ಗೇಣು ಮೇಲೆ ಮೊಳೆ ಹೊಡೆದು ನೇತುಹಾಕಿದರು. ಬರೆಯಲು ಬಾರದ ಮಕ್ಕಳ ಕೇಂದ್ರದಲ್ಲಿ, ಗಾಲಿಕುರ್ಚಿಯ ಮೇಲೆ ಕೂತವರ ಕೈಗೆ ಎಟುಕದಂತೆ, ಬೀಗ ಹಾಕಿದ ಪೆಟ್ಟಿಗೆ. ತಪಾಸಣೆಗೆ ಬಂದವರಿಗೆ ಶೈಲಜಾ ಮೇಡಂ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

"ಇಷ್ಟು ವರ್ಷದಾಗ ಒಂದೂ ದೂರು ಬಂದಿಲ್ಲ ಸರ್."

ಹೇಗೆ ಬರಬೇಕು?

ಶೈಲಜಾ ಮೇಡಂ ಕೆಟ್ಟವರಲ್ಲ. ವಿಶೇಷ ಶಿಕ್ಷಣದಲ್ಲಿ ಪದವಿ ಪಡೆದವರು, ದುಡಿಯುವವರು. ಆದರೆ ಅವರಿಗೆ ಮಗುವಿನ ಪ್ರತಿಯೊಂದು ಅಳುವೂ 'ಬಿಹೇವಿಯರ್'. ಕಚ್ಚಿದರೆ ಬಿಹೇವಿಯರ್, ತಟ್ಟೆ ತಳ್ಳಿದರೆ ಬಿಹೇವಿಯರ್. ಆ ಪದ ಒಮ್ಮೆ ಅಂಟಿತೆಂದರೆ ಮುಂದಿನ ಪ್ರಶ್ನೆ ಅದನ್ನು ನಿಲ್ಲಿಸುವುದು ಹೇಗೆ ಎಂಬುದೊಂದೇ. ಯಾಕೆ ಎಂದು ಕೇಳುವವರಿಲ್ಲ. ಈಗ ಹೊಸದಾಗಿ ಬರುವವರ ಬಾಯಲ್ಲೂ ಇದೇ ಪದ ಕೇಳಿದಾಗ ನನಗೆ ರೇಗುತ್ತದೆ.

ಸುಮಾ ಬಂದದ್ದು ಇಂಥ ಕೇಂದ್ರಕ್ಕೆ. ಹರಿಹರದ ಹುಡುಗಿ, ಒಂಬತ್ತೋ ಹತ್ತೋ ವರ್ಷ. ಮಾತಿಲ್ಲ. ನಡೆಯುತ್ತಾಳೆ, ನಗುತ್ತಾಳೆ, ಬಳೆ ಹಾಕಿದರೆ ಕಚ್ಚಿ ಒಡೆಯುತ್ತಾಳೆ. ತಾಯಿ ಗಂಗಮ್ಮ ನಂದಿಗುಡಿ ಕಡೆಯವರು. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ ಬೆಳೆದವರು. ಗಂಡ ತೀರಿಕೊಂಡ ಮೇಲೆ ಹರಿಹರಕ್ಕೆ ಬಂದು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಮ್ಮ ವ್ಯಾನು ಬೆಳಿಗ್ಗೆ ಹರಿಹರಕ್ಕೆ ಹೋಗಿ ಆರೇಳು ಮಕ್ಕಳನ್ನು ಹತ್ತಿಸಿಕೊಂಡು ಹೆದ್ದಾರಿಯಲ್ಲಿ ದಾವಣಗೆರೆಗೆ ಬರುತ್ತಿತ್ತು. ಓಡಿಸುವವನು ನಜೀರಣ್ಣ. ಹಿಂದೆ ಮಕ್ಕಳ ಜೊತೆ ಕೂರುವ ಸಹಾಯಕ ಪ್ರಕಾಶ. ಇಪ್ಪತ್ತೈದರ ಯುವಕ, ಟ್ರಸ್ಟಿಗಳಲ್ಲಿ ಒಬ್ಬರ ಶಿಫಾರಸಿನ ಮೇಲೆ ಬಂದವನು. ಎಲ್ಲರಿಗೂ ನಮಸ್ಕಾರ ಹೊಡೆಯುವವನು.

ಮೊದಲ ಕೆಲವು ತಿಂಗಳು ಸುಮಾ ವ್ಯಾನು ಕಂಡರೆ ಕುಣಿಯುತ್ತಿದ್ದಳಂತೆ. ಆಮೇಲೆ ಹತ್ತಲು ಒಪ್ಪಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತು ಕಿರುಚುವುದು, ನೆಲಕ್ಕೆ ಕೂರುವುದು. ಶೈಲಜಾ ಮೇಡಂ ಯೋಜನೆ ಹಾಕಿದರು. ಕಾಲಿಟ್ಟರೆ ಅರ್ಧ ಬಿಸ್ಕತ್ತು, ಕೂತರೆ ಇನ್ನರ್ಧ, ಕಿರುಚದೆ ಕೇಂದ್ರ ತಲುಪಿದರೆ ಚಪ್ಪಾಳೆ, ಹಣೆಗೆ ನಕ್ಷತ್ರದ ಚೀಟಿ. ಸಭೆಯಲ್ಲಿ ನಾನು ಆಕ್ಷೇಪಿಸಿದೆ ಎಂದು ನನ್ನ ನೆನಪು. ಆದರೆ ಆ ನೆನಪಿನಲ್ಲಿ ನಾನು ತೀರಾ ಚೆನ್ನಾಗಿ ಮಾತಾಡುತ್ತೇನೆ. ಆದ್ದರಿಂದ ಅದನ್ನು ನಂಬುವುದಿಲ್ಲ.

ಯೋಜನೆ ಗೆದ್ದಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸುಮಾ ಸದ್ದಿಲ್ಲದೆ ಬರತೊಡಗಿದಳು. ಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಅವಳ ಹಣೆಯ ನಕ್ಷತ್ರದ ಫೋಟೋ ಬಂತು, ಕೆಳಗೆ ಹತ್ತಿಪ್ಪತ್ತು ಹೆಬ್ಬೆರಳು. ಜೊತೆಗೆ ಅವಳು ಇನ್ನೊಂದು ವಿಷಯ ಕಲಿತಿದ್ದಳು. ಅದನ್ನು ಹೇಳುವ ಮೊದಲು ನಮ್ಮ ಒಂದು ಪದ್ಧತಿ ಹೇಳಬೇಕು.

ನಮ್ಮಂಥ ಕೇಂದ್ರಗಳಿಗೆ ಊರಿನವರು ತಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಊಟ ಹಾಕಿಸಲು ಬರುತ್ತಾರೆ. ಅವರು ಬಂದಾಗ ಮಕ್ಕಳು ಸಾಲಾಗಿ ಕೂತು ಕೈ ಜೋಡಿಸಬೇಕು. ಓದು ಬರಹಕ್ಕಿಂತ ಮೊದಲು, ಶೌಚಕ್ಕೆ ಹೋಗಬೇಕೆಂದು ತಿಳಿಸುವುದಕ್ಕಿಂತ ಮೊದಲು ನಮ್ಮಲ್ಲಿ ಕಲಿಸುವುದು ನಮಸ್ತೆ. ಕೈ ಸ್ವಾಧೀನವಿಲ್ಲದ ಮಗುವಿನ ಕೈಯನ್ನು ಆಯಾ ಹಿಂದಿನಿಂದ ಹಿಡಿದು ಜೋಡಿಸುತ್ತಾಳೆ. ಬಂದವರ ಕಣ್ಣು ತುಂಬುತ್ತದೆ. ಮುಂದಿನ ವರ್ಷವೂ ಬರುತ್ತಾರೆ.

ಸುಮಾ ಎಷ್ಟು ಹೇಳಿಕೊಟ್ಟರೂ ನಮಸ್ತೆ ಮಾಡದವಳು. ಈಗ ಯಾರಾದರೂ ಅವಳನ್ನು ಬೆಂಚಿನ ಮೇಲೆ ಕೂರಿಸಿದರೆ ಸಾಕು, ಎರಡೂ ಕೈ ಜೋಡಿಸಿ ಮುಂದೆ ಚಾಚುತ್ತಿದ್ದಳು. ಬೆರಳು ಮೇಲಕ್ಕಿರುತ್ತಿರಲಿಲ್ಲ, ಮಣಿಕಟ್ಟುಗಳು ಒಂದಕ್ಕೊಂದು ಅಂಟಿರುತ್ತಿದ್ದವು. ಅವಳ ಕೈ ಅಷ್ಟೇ ಬಗ್ಗುವುದು ಎಂದುಕೊಂಡೆವು. ಆಯಾಗಳು ಸಂಭ್ರಮಪಟ್ಟರು.

"ಸುಮಕ್ಕ ನಮಸ್ತೆ ಕಲ್ತಾಳ್ರಿ! ಏನ್ ನಿಧಾನಸ್ತೆ ನೋಡು ನಮ್ಮವ್ವ!"

ನಮಸ್ತೆಗೂ ಒಂದು ಬಿಸ್ಕತ್ತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಗಮ್ಮ ವ್ಯಾನು ಬಿಟ್ಟು ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. ಕೂಡ್ರಿ ಎಂದರೂ ಕೂರಲಿಲ್ಲ. ಮಗಳ ಎರಡೂ ಮಣಿಕಟ್ಟು ತೋರಿಸಿದರು. ಸುತ್ತಲೂ ತರಚಿದ ಗೆರೆ, ಒಂದು ಕಡೆ ಒಣಗಿ ಕಪ್ಪಾಗಿತ್ತು. ಶೈಲಜಾ ಮೇಡಂ ಬಂದು ಕನ್ನಡಕ ಏರಿಸಿ ನೋಡಿದರು.

"ಬಳಿ ಗುರುತಿರಬೇಕಲ್ಲಮ್ಮ. ಹಬ್ಬಕ್ಕ ಹಾಕಿರ್ತೀರಿ, ಬಿಗಿ ಆಗಿರ್ತಾವು."

"ಇಕಿ ಬಳಿ ಎಲ್ಲಿ ಹಾಕ್ಕಂತಾಳ್ರಿ ಮೇಡಮ್ಮೋರೆ? ಕಚ್ಚಿ ಒಡದು ನುಂಗ್ತಾಳಂತ ನೀವೇ ಬ್ಯಾಡ ಅಂದಿದ್ರಲ್ಲ."

ಗಂಗಮ್ಮ ನನ್ನ ಕಡೆ ತಿರುಗಿದರು.

"ಸಾರ್, ಜಗಳಕ್ಕ ಬಂದಿಲ್ಲ ನಾನು. ವ್ಯಾನಿನಾಗ ಏನಾತು ಅಂತ ಒಂದ್ ಮಾತು ಕೇಳ್ರಿ ಅಷ್ಟೇ. ದೊಡ್ಡದು ಮಾಡಬ್ಯಾಡ್ರಿ. ವ್ಯಾನು ನಿಂತ್ರೆ ನನ್ ಮಗಳು ಮನಿ ಒಳಗ ಬೀಗ ಹಾಕಿಸಿಕೊಂಡು ಕುಂದ್ರಬೇಕು. ಕೆಲ್ಸ ಬಿಟ್ಟು ನಾನು ಏನ್ ತಿನ್ನಿಸ್ಲಿ?"

ಇದು ಯಾವ ತರಬೇತಿಯ ಸ್ಲೈಡಿನಲ್ಲೂ ಇರಲಿಲ್ಲ. ಬಂದು ಪಾಠ ಮಾಡಿದವರೆಲ್ಲ ಪೋಷಕರಿಗೆ ಅರಿವು ಮೂಡಿಸಿ ಎಂದು ಹೇಳಿ ಊಟ ಮಾಡಿ ಹೋದರು. ಗಂಗಮ್ಮನಿಗೆ ಅರಿವು ನಮ್ಮೆಲ್ಲರಿಗಿಂತ ಹೆಚ್ಚೇ ಇತ್ತು. ಅವರಿಗೆ ಇಲ್ಲದೆ ಇದ್ದದ್ದು ಇನ್ನೊಂದು ವ್ಯಾನು.

ಮೊದಲು ನಜೀರಣ್ಣನನ್ನು ಕೇಳಿದೆ. ಅವನು ವ್ಯಾನಿನ ಗಾಜು ಒರೆಸುತ್ತಿದ್ದ.

"ನಾನು ರಸ್ತೆ ನೋಡ್ತೀನಿ ಸಾಬ್. ಹಿಂದಕ್ ತಿರುಗಿದ್ರೆ ಲಾರಿ ಬಂದು ಗುದ್ದುತೈತೆ."

"ಕನ್ನಡಿ ಐತಲ್ಲೋ ಮಾರಾಯ."

"ಕನ್ನಡಿಗೆ ಪ್ರಕಾಶ ಟವಲ್ ನೇತ್ ಹಾಕ್ತಾನ್ರಿ. ಬಿಸಿಲು ಹೊಡಿತೈತಂತೆ." ಸ್ವಲ್ಪ ಹೊತ್ತು ಒರೆಸಿದ. "ಮೊದ್ಲು ಮಕ್ಳು ಗಲಾಟೆ ಮಾಡೋವು. ಈಗ ಮಾಡಲ್ಲ. ಅಷ್ಟು ಮಾತ್ರ ಗೊತ್ತು."

ನಾನು ಕಾರ್ಯದರ್ಶಿಗಳಿಗೆ ಫೋನು ಮಾಡಿ, ಮಕ್ಕಳ ಸಹಾಯವಾಣಿಗೆ ತಿಳಿಸುತ್ತೇನೆ ಎಂದೆ. ಅವರು ಅಂಗಡಿಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದಲ್ಲಿ ಬಂದಿಳಿದರು. ಅಷ್ಟು ಬೇಗ ಅವರು ಬಂದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

"ಏನ್ರಿ ನೀವು, ಓದಿದೋರು! ಮನಿ ಮಾತು ಬೀದಿಗೆ ಯಾಕ ಒಯ್ತೀರಿ? ಮೊದ್ಲು ನಾವೇ ವಿಚಾರಿಸಾನ. ಹುಡುಗಿ ಕರೀರಿ, ಪ್ರಕಾಶನ್ನ ಕರೀರಿ. ಎದುರಾಎದುರು ಕೂಡ್ಸಿ ಕೇಳಾನ."

ಮಾತು ಬಾರದ ಮಗುವನ್ನು, ಯಾರ ಮೇಲೆ ಸಂದೇಹವೋ ಅವನ ಎದುರು ಕೂರಿಸಿ ಕೇಳುವುದು. ಓದುತ್ತಿರುವವರೇ, ದಯವಿಟ್ಟು ಇದನ್ನು ಎಂದೂ ಮಾಡಬೇಡಿ, ಮಾಡಲು ಬಿಡಬೇಡಿ. ಬೇಡ ಎಂದು ನಾನು ಹೇಳಿದೆ. ಇದು ಮಾತ್ರ ನೆನಪಿನ ಅಲಂಕಾರವಲ್ಲ, ಯಾಕೆಂದರೆ ಅದಕ್ಕೆ ಸಾಹುಕಾರ್ರು ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ. "ಪುಸ್ತಕ ಬದಿಗಿಡ್ರಿ ಸ್ವಲ್ಪ." ಪ್ರಕಾಶನನ್ನು ತಡೆಯಲು ನಾನು ಬಾಗಿಲು ದಾಟುವಷ್ಟರಲ್ಲಿ ಅವನು ಒಳಗೆ ಬಂದಾಗಿತ್ತು.

ಕೋಣೆಯಲ್ಲಿ ಸಾಹುಕಾರ್ರು, ಶೈಲಜಾ ಮೇಡಂ, ನಾನು. ಬಾಗಿಲ ಬಳಿ ಗಂಗಮ್ಮ. ಸೋಫಾದ ಮೇಲೆ ಸುಮಾ. ಪ್ರಕಾಶ ಎಲ್ಲರಿಗೂ ಕೈಮುಗಿದು ಅವಳ ಪಕ್ಕದಲ್ಲಿ ಕೂತ. ಅವನು ಕೂತದ್ದೇ ತಡ, ಸುಮಾ ಎರಡೂ ಮಣಿಕಟ್ಟು ಜೋಡಿಸಿ ಅವನ ಮುಂದೆ ಚಾಚಿದಳು. ಮುಖದಲ್ಲಿ ಏನೂ ಇರಲಿಲ್ಲ, ಅಳುವೂ ಇಲ್ಲ ಭಯವೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ನಾವು ಪಾಸು ಚಾಚುತ್ತೇವಲ್ಲ, ಹಾಗೆ.

ಸಾಹುಕಾರ್ರ ಮುಖ ಅರಳಿತು.

"ನೋಡ್ರಿ ಮತ್ತೆ! ನಮಸ್ಕಾರ ಮಾಡ್ತಾಳ ಅವನಿಗೆ. ತ್ರಾಸು ಕೊಟ್ಟೋನಿಗೆ ಯಾರಾದ್ರೂ ನಮಸ್ಕಾರ ಮಾಡ್ತಾರೇನ್ರಿ?"

ಆಗ ಬಂತು ಆ ಮಾತು.

"ಅದು ನಮಸ್ಕಾರ ಅಲ್ರಿ. ಕಟ್ಟು ಅಂತ ಕೈ ಕೊಡಾಕ್ಹತ್ಯಾಳ."

ಇದನ್ನು ನಾನೇ ಆಡಿದ್ದಾದರೆ ನನ್ನ ಮಾತಿನಂತೆ ನೆನಪಾಗಬೇಕಿತ್ತು. ನಾನು 'ಕೊಡಾಕ್ಹತ್ಯಾಳ' ಎನ್ನುವವನಲ್ಲ, ಮೇಡಮ್ಮೂ ಅಲ್ಲ. ಗಂಗಮ್ಮನೇ ಇರಬೇಕು ಎಂದು ಈಗ ಅನಿಸುತ್ತದೆ. ಮನೆಯಲ್ಲೂ ಚಾಪೆಯ ಮೇಲೆ ಕೂತಾಗ ಮಗಳು ಹೀಗೆ ಕೈ ಚಾಚುತ್ತಿದ್ದುದನ್ನು ನೋಡಿದವರು ಅವರೊಬ್ಬರೇ. ಮನೆಯಲ್ಲಿ ನಮಸ್ತೆ ಮಾಡಿಸುವವರು ಯಾರೂ ಇರಲಿಲ್ಲ.

ಬಾಯಿ ಬಿಟ್ಟವನು ಪ್ರಕಾಶನೇ, ಯಾರೂ ಕೇಳದೆ.

"ಸೇಫ್ಟಿಗೆ ಸಾರ್. ಹೈವೇದಾಗ ಎದ್ದು ಎದ್ದು ನಿಲ್ತಾವು. ಬಿದ್ರೆ ನನ್ ಮ್ಯಾಲೆ ಬರಲ್ವಾ? ಟವಲ್ಲು ಸಾರ್, ಹಗ್ಗ ಅಲ್ಲ. ಸೀಟಿನ್ ಕಂಬಿಗೆ ಸುಮ್ನೆ ಹಂಗೆ..."

'ಕಟ್ಟಿದ್ದೆ' ಎಂಬ ಪದ ಅವನಿಂದ ಬರಲಿಲ್ಲ. ಕಟ್ಟಿ, ಕನ್ನಡಿಗೆ ಬಟ್ಟೆ ಇಳಿಬಿಟ್ಟು, ಅವನು ಮೊಬೈಲು ನೋಡುತ್ತ ಬರುತ್ತಿದ್ದನಂತೆ. ಅವನು ಇಷ್ಟನ್ನೇ ಒಪ್ಪಿಕೊಂಡ. ಇನ್ನೇನು ನಡೆದಿತ್ತು, ಇನ್ನೆಷ್ಟು ಮಕ್ಕಳಿಗೆ, ಎಂಬುದನ್ನು ಹೇಳಬಲ್ಲವರಿಗೆ ನಾವು ಹೇಳುವ ದಾರಿಯನ್ನೇ ಕಲಿಸಿರಲಿಲ್ಲ. ಬಿಸ್ಕತ್ತು ಕೊಟ್ಟು ಸುಮ್ಮನೆ ಹತ್ತುವುದನ್ನು ಕಲಿಸಿದ್ದೆವು.

ಸಾಹುಕಾರ್ರು ಪ್ರಕಾಶನಿಗೆ ಚೆನ್ನಾಗಿ ಬೈದರು. ಬೈದದ್ದರಿಂದ ವಿಷಯ ಮುಗಿಯಿತು ಎಂದುಕೊಂಡರು.

"ಆತಲ್ಲ. ಇವತ್ನಿಂದ ಕಟ್ಟಲ್ಲ ಅಂತಾನ. ಇನ್ನು ಭಾನುವಾರದ ಕಾರ್ಯಕ್ರಮ ಮುಗೀಲಿ, ಆಮೇಲೆ ನಿಧಾನಕ್ಕ ನೋಡಾನ."

ಭಾನುವಾರ ದೊಡ್ಡ ದಾನಿಯೊಬ್ಬರ ಮೊಮ್ಮಗನ ಹುಟ್ಟುಹಬ್ಬವಿತ್ತು.

ನಾನು ಹೊರಬಂದೆ. ಗಂಗಮ್ಮ ಗೇಟಿನವರೆಗೂ ಹಿಂದೆಯೇ ಬಂದರು. ಫೋನು ಕೈಯಲ್ಲಿ ಹಿಡಿದದ್ದನ್ನು ನೋಡಿ ಅಡ್ಡ ನಿಂತರು.

"ಬ್ಯಾಡ ಸಾರ್. ಇನ್ ಮ್ಯಾಲೆ ಕಟ್ಟಲ್ಲ ಅಂದನಲ್ಲ, ಸಾಕು."

"ಗಂಗಮ್ಮ, ಹೇಳಲೇಬೇಕು. ನೀವು ಬೇಡ ಅಂದರೂ ನಾನು ಹೇಳಬೇಕು. ಕಾನೂನು ಹಾಗಿದೆ."

"ಕಾನೂನು ಬಂದು ನನ್ ಮಗಳನ್ನ ದಿನಾ ಹರಿಹರದಿಂದ ಕರಕೊಂಡು ಬರ್ತೈತೇನ್ರಿ?"

ವ್ಯಾನಿನಲ್ಲಿ ಬರುವ ಉಳಿದ ಮಕ್ಕಳ ತಾಯಂದಿರಿಗೆ ಇನ್ನೂ ಏನೂ ಗೊತ್ತಿಲ್ಲ ಎಂದಷ್ಟೇ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಮಾಡ್ರಿ ಹಂಗಾರೆ. ನಿಮಗೇನು, ನಿಮ್ಮನಿ ಕೂಸಲ್ಲ" ಎಂದು ಒಳಗೆ ಹೋದರು. ಬಡಾವಣೆಯ ಪಾರ್ಕಿನ ಬೇಲಿಯ ಪಕ್ಕ ನಿಂತು ನಾನು ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಹೆಸರು, ವಯಸ್ಸು, ಮಗು ಈಗ ಎಲ್ಲಿದೆ, ಆ ಮನುಷ್ಯ ಈಗ ಎಲ್ಲಿದ್ದಾನೆ ಎಂದು ಕೇಳಿದಳು. ನಿಮಗೆ ಖಚಿತವೇ ಎಂದು ಕೇಳಲಿಲ್ಲ. ಇಷ್ಟು ವರ್ಷ ನಮ್ಮ ಸಭೆಗಳಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಅದೊಂದೇ.

ಸಂಜೆಯೊಳಗೆ ಸಹಾಯವಾಣಿಯ ಜನ ಬಂದರು. ಪ್ರಕಾಶನನ್ನು ಮಕ್ಕಳಿಂದ ದೂರ ಇಟ್ಟರು. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದೆ, ಅದರ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಭಾನುವಾರದ ಕಾರ್ಯಕ್ರಮ ನಡೆಯಲಿಲ್ಲ. ಸಾಹುಕಾರ್ರು ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಾದರೆ ಮೇಡಂ ಮೂಲಕ ಹೇಳಿಕಳಿಸುತ್ತಿದ್ದರು, ನಾನು ಅದೇ ಕೋಣೆಯಲ್ಲಿ ಕೂತಿದ್ದರೂ.

ಗಂಗಮ್ಮ ಹೆದರಿದ್ದಂತೆಯೇ ಆಯಿತು. ವ್ಯಾನು ನಿಂತಿತು. ರಿಪೇರಿ ಎಂದರು. ನಜೀರಣ್ಣ ಗ್ಯಾರೇಜಿಗೆ ಹೋಗದ ವ್ಯಾನಿನ ಗಾಜು ಒರೆಸುತ್ತ ಕೂತಿದ್ದ. ಹರಿಹರದ ಉಳಿದ ತಾಯಂದಿರು ಗಂಗಮ್ಮನ ಮನೆ ಮುಂದೆ ಹೋಗಿ ಬೈದರಂತೆ. ಇವಳಿಂದ ಎಲ್ಲ ಮಕ್ಕಳೂ ಮನೆಯಲ್ಲಿ ಕೂತವು ಎಂದು. ಅವರನ್ನು ನಾನು ದೂರುವುದಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ಅವರು ಕೈಗೆ ಸಿಗುವುದಿಲ್ಲ, ಪಕ್ಕದ ಓಣಿಯವಳು ಸಿಗುತ್ತಾಳೆ. ಖಾನಾವಳಿಯವರು ಎಷ್ಟು ದಿನ ಕಾಯುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಗಂಗಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಬರ್ರಿ" ಎನ್ನದೆ ಮಾತಾಡಿಸಿದರು. ಒಳಗೆ ಸುಮಾ ಚಾಪೆಯ ಮೇಲಿದ್ದಳು.

ನಾನು ಆಮೇಲೆ ಮಾಡಿದ ಕೆಲಸಕ್ಕೆ ಯಾವ ಪಠ್ಯದಲ್ಲೂ ಹೆಸರಿಲ್ಲ. ಕಚೇರಿಗಳ ಬೆಂಚಿನ ಮೇಲೆ ಕೂರುವುದು. ಮಗುವನ್ನು ರಕ್ಷಿಸಿ ಎಂದು ಫೋನು ಮಾಡಿದವನೇ, ರಕ್ಷಿಸಿದ ಮಗುವಿಗೆ ವ್ಯಾನು ಕೊಡಿ ಎಂದು ಅರ್ಜಿ ಕೊಟ್ಟೆ. ಮಕ್ಕಳ ಕಲ್ಯಾಣ ಸಮಿತಿಯವರು ಅದನ್ನು ಅರ್ಥಮಾಡಿಕೊಂಡರು. ಸೀಟಿಗೆ ಬೆಲ್ಟ್ ಹಾಕಿಸಿ, ಮಹಿಳಾ ಸಹಾಯಕಿಯನ್ನು ನೇಮಿಸಿ, ವ್ಯಾನು ಓಡಿಸಬೇಕು ಎಂದು ಟ್ರಸ್ಟಿಗೆ ಆದೇಶವಾಯಿತು. ಬೆಲ್ಟ್ ಹಾಕಲು ಮೆಕ್ಯಾನಿಕ್ಕಿಗೆ ಒಂದು ಮಧ್ಯಾಹ್ನ ಸಾಕಾಯಿತು. ಒಂದು ಮಧ್ಯಾಹ್ನದ ಕೆಲಸ! ಅದನ್ನು ಮಾಡಿಸುವುದಕ್ಕಿಂತ ಟವಲ್ಲು ಹತ್ತಿರವಿತ್ತು ಎಂದು ಇಷ್ಟೆಲ್ಲ.

ವ್ಯಾನು ಮತ್ತೆ ಹೊರಟ ಮೊದಲ ದಿನ ಸುಮಾ ಯಾರೂ ಹೇಳದೆ ತಾನಾಗಿ ಹತ್ತಿದಳು ಎಂದು ನಾನು ತರಬೇತಿಗಳ ಕೊನೆಯಲ್ಲಿ ಹೇಳುತ್ತಿದ್ದೆ. ಕೇಳಿದವರಿಗೆ ಹಿಡಿಸುತ್ತಿತ್ತು. ಅದಕ್ಕೇ ನನಗೆ ಸಂದೇಹ. ಅವತ್ತು ನಾನು ಹರಿಹರದಲ್ಲಿ ಇರಲಿಲ್ಲ. ಯಾರು ಹೇಳಿದ್ದು ಎಂದೂ ನೆನಪಿಲ್ಲ. ಇಷ್ಟು ಸಲೀಸಾಗಿ ಮುಗಿಯುವ ವಿಷಯವನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಮುಖಕ್ಕೇ ಹೇಳುತ್ತಿದ್ದೆ, ನಂಬಲ್ಲ ಎಂದು.

ಹೋದ ತಿಂಗಳು ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಮೊದಲು ನಜೀರಣ್ಣನನ್ನು ಬಸ್ ನಿಲ್ದಾಣದ ಹೋಟೆಲಿನಲ್ಲಿ ಹಿಡಿದು ಕೇಳಿದೆ, ಆಮೇಲೆ ಗಂಗಮ್ಮನನ್ನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಇಬ್ಬರೂ ಹೇಳಿದ್ದು ಒಂದೇ. ಸುಮಾ ವ್ಯಾನಿನ ಬಾಗಿಲಲ್ಲಿ ನಿಂತು ಒಳಗೆ ಕತ್ತು ಹಾಕಿ, ಮುಂದಿನಿಂದ ಹಿಂದಿನ ಸೀಟಿನವರೆಗೆ ಒಂದೊಂದನ್ನೂ ನೋಡಿದಳು. ಹೊಸ ಸಹಾಯಕಿ ಕೈ ನೀಡಿದರೂ ಹಿಡಿಯಲಿಲ್ಲ. ಕಂಬಿ ಹಿಡಿದು ತಾನೇ ಹತ್ತಿ, ಕಿಟಕಿಯ ಪಕ್ಕದಲ್ಲಿ ಕೂತಳು.

"ಹತ್ತಿದ್ಲು ಸಾರ್, ಅದು ಖರೇನ," ಎಂದರು ಗಂಗಮ್ಮ. ರೊಟ್ಟಿ ಹಿಟ್ಟಿನ ಕೈ ಕೊಡವಿಕೊಂಡರು. "ನಾನು ಅಲ್ಲೇ ನಿಂತಿದ್ದೆ, ಅಳ್ತಾಳೇನೋ ಅಂತ. ಒಮ್ಮೆನೂ ತಿರುಗಿ ನೋಡ್ಲಿಲ್ಲ ನೋಡ್ರಿ, ಧಿಮಾಕಿನಾಕಿ."